ಎರಡು ಕ್ಲಬ್ಬುಗಳ ಬದಲು ಒಂದು: ವಿಲೀನಗೊಂಡ ಫುಟ್‌ಬಾಲ್ ಕ್ಲಬ್ಬಿನ ಸದಸ್ಯತ್ವ, ಎರಡು ಸೀಸನ್‌ಗಳ ನಂತರ

ನಾನು ಬಹಳ ವರ್ಷ ಸದಸ್ಯನಾಗಿದ್ದ ಫುಟ್‌ಬಾಲ್ ಕ್ಲಬ್, ತನ್ನ ಹಳೆಯ ಎದುರಾಳಿ ಕ್ಲಬ್ಬಿನೊಂದಿಗೆ ಎರಡು ಸೀಸನ್‌ಗಳ ಹಿಂದೆ ವಿಲೀನಗೊಂಡಿತು. ನಮ್ಮ ಸದಸ್ಯತ್ವ ತಾನಾಗಿಯೇ ಹೊಸ ಕ್ಲಬ್ಬಿಗೆ ವರ್ಗವಾಯಿತು. ಅಂದಿನಿಂದ ತವರು ಮೈದಾನದ ಪಂದ್ಯಗಳನ್ನು ಹೆಚ್ಚುಕಡಿಮೆ ಒಂದನ್ನೂ ಬಿಡದೆ ನೋಡಿದ್ದೇನೆ, ಮಗನನ್ನು ಹದಿನೇಳು ವರ್ಷದೊಳಗಿನವರ ತಂಡಕ್ಕೆ ಕಳಿಸಿದ್ದೇನೆ, ಎರಡು ವಾರ್ಷಿಕ ಮಹಾಸಭೆಗಳಲ್ಲಿ ಕುಳಿತಿದ್ದೇನೆ. ಇಂಥದೇ ಪ್ರಸ್ತಾವವನ್ನು ಎದುರಿಸುತ್ತಿರುವ ಬೇರೆ ಕ್ಲಬ್ಬುಗಳ ಸದಸ್ಯರಿಗೆ ಉಪಯೋಗವಾಗಲೆಂದು, ವಿಲೀನಗೊಂಡ ಕ್ಲಬ್ ಸದಸ್ಯನಿಗೆ ಏನು ಕೊಡುತ್ತದೆ, ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಆದಷ್ಟು ನ್ಯಾಯವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಒಳ್ಳೆಯದನ್ನೇ ಹೇಳಬೇಕು. ಎರಡು ಕ್ಲಬ್ಬುಗಳಿದ್ದಾಗ ಎರಡು ಮೈದಾನಗಳಿದ್ದವು, ಮಳೆ ಬಂದ ಮರುದಿನ ಎರಡೂ ಕೆಸರುಗದ್ದೆಗಳಾಗುತ್ತಿದ್ದವು. ಈಗ ಇರುವ ಒಂದೇ ಮೈದಾನದಲ್ಲಿ ನೀರು ಇಂಗಿ ಹರಿದುಹೋಗುವಂತೆ ಹೊಸದಾಗಿ ಕೊಳವೆಗಳನ್ನು ಹಾಕಿಸಿದ್ದಾರೆ. ಮಳೆಯಿಂದಾಗಿ ಪಂದ್ಯ ಮುಂದೂಡಿದ ನೆನಪು ಈ ಎರಡು ಸೀಸನ್‌ಗಳಲ್ಲಿ ನನಗಿಲ್ಲ. ಹಿಂದೆ ನಮ್ಮ ಕೋಚ್ ತಾವೇ ಚೆಂಡಿಗೆ ಗಾಳಿ ತುಂಬಿ, ತಾವೇ ಸುಣ್ಣದ ಗೆರೆ ಎಳೆದು, ಕಾಲು ಉಳುಕಿದವರಿಗೆ ತಾವೇ ಮಂಜುಗಡ್ಡೆ ಇಡುತ್ತಿದ್ದರು. ಈಗ ಫಿಸಿಯೊಥೆರಪಿಸ್ಟ್ ಇದ್ದಾರೆ, ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ಕೋಚ್ ಇದ್ದಾರೆ, ಲೆಕ್ಕಪತ್ರ ಸಕಾಲಕ್ಕೆ ಸದಸ್ಯರ ಕೈ ಸೇರುತ್ತದೆ. ಮೊದಲ ತಂಡ ಲೀಗ್ ಪಟ್ಟಿಯಲ್ಲಿ ಎರಡೂ ಹಳೆಯ ಕ್ಲಬ್ಬುಗಳು ಎಂದೂ ಏರದ ಸ್ಥಾನದಲ್ಲಿದೆ. ಕೇವಲ ಪಂದ್ಯ ನೋಡಲು ಬರುವವರು ಇಷ್ಟರಿಂದಲೇ ತೃಪ್ತರಾಗಬಹುದು, ಅವರನ್ನು ನಾನು ತಪ್ಪೆನ್ನಲಾರೆ.

ಆದರೆ ಸ್ಥಳೀಯ ಕ್ಲಬ್ ಇರುವುದು ನೋಡುವುದಕ್ಕಿಂತ ಹೆಚ್ಚಾಗಿ ಆಡುವುದಕ್ಕೆ. ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ಮಂದಿಗೆ ಜಾಗ. ಎರಡು ಕ್ಲಬ್ಬುಗಳು ಒಂದಾದರೂ ಆ ಹನ್ನೊಂದು ಇಪ್ಪತ್ತೆರಡಾಗುವುದಿಲ್ಲ. ಹಿಂದೆ ಪ್ರತಿ ವಾರ ಹದಿನೇಳು ವರ್ಷದೊಳಗಿನ ಇಪ್ಪತ್ತೆರಡು ಹುಡುಗರು ಪಂದ್ಯದ ಮೊದಲ ನಿಮಿಷದಿಂದಲೇ ಮೈದಾನದಲ್ಲಿರುತ್ತಿದ್ದರು, ಈಗ ಹನ್ನೊಂದು ಹುಡುಗರು ಇರುತ್ತಾರೆ. ಉಳಿದವರು ಬದಲಿ ಆಟಗಾರರ ಬೆಂಚಿನಲ್ಲಿ ಕೂರುತ್ತಾರೆ, ಬೆಂಚಿನಲ್ಲೂ ಜಾಗ ಸಿಗದವರು ಕೆಲವು ತಿಂಗಳಾದ ಮೇಲೆ ಬರುವುದನ್ನೇ ನಿಲ್ಲಿಸುತ್ತಾರೆ.

ಇದರ ಪೆಟ್ಟು ಎಲ್ಲರಿಗಿಂತ ಹೆಚ್ಚು ಬೀಳುವುದು ಗೋಲ್‌ಕೀಪರ್‌ಗಳಿಗೆ. ಮಿಡ್‌ಫೀಲ್ಡರ್ ಒಬ್ಬ ರಕ್ಷಣೆಗೋ ಬದಿಯ ಅಂಚಿಗೋ ಸರಿದು ಹೇಗೋ ಹೊಂದಿಕೊಂಡಾನು. ಗೋಲ್‌ಕೀಪರ್‌ಗೆ ಇರುವುದು ಒಂದೇ ಜಾಗ, ಪಂದ್ಯದ ಮಧ್ಯೆ ಅವನನ್ನು ಬದಲಿಸುವುದೂ ಅಪರೂಪ. ನನ್ನ ಮಗ ಗೋಲ್‌ಕೀಪರ್. ಎದುರಾಳಿ ಕ್ಲಬ್ಬಿನಿಂದ ಬಂದ ಹುಡುಗ ಇವನಿಗಿಂತ ಉತ್ತಮ, ಅದರಲ್ಲಿ ನನಗೆ ಸಂಶಯವಿಲ್ಲ. ಕೋಚ್ ಮಾಡಿದ ಆಯ್ಕೆ ಸರಿಯಾಗಿಯೇ ಇದೆ. ಕಳೆದ ಸೀಸನ್‌ನಲ್ಲಿ ಮಗ ಪೂರ್ತಿಯಾಗಿ ಆಡಿದ್ದು ಮೂರು ಪಂದ್ಯ. ಹಳೆಯ ಕ್ಲಬ್ ಉಳಿದಿದ್ದರೆ ಇಬ್ಬರೂ ಪ್ರತಿ ವಾರ ಆಡುತ್ತಿದ್ದರು, ವರ್ಷಕ್ಕೆರಡು ಬಾರಿ ಎದುರುಬದುರಾಗಿ ನಿಲ್ಲುತ್ತಿದ್ದರು, ಆ ಉತ್ತಮ ಹುಡುಗನನ್ನು ಮೀರಿಸಬೇಕೆಂಬ ಹಟ ಇವನಲ್ಲಿ ಉಳಿಯುತ್ತಿತ್ತು. ಒಳ್ಳೆಯ ಗೋಲ್‌ಕೀಪಿಂಗ್ ಕೋಚ್ ಸಿಕ್ಕಿದ್ದಾರೆ, ಕಲಿತದ್ದನ್ನು ತೋರಿಸಲು ಪಂದ್ಯಗಳು ಸಿಕ್ಕಿಲ್ಲ.

ಆ ವರ್ಷಕ್ಕೆರಡು ಪಂದ್ಯಗಳ ವಿಷಯವನ್ನೂ ಇಲ್ಲಿಯೇ ಹೇಳುತ್ತೇನೆ. ಲೀಗ್‌ನಲ್ಲಿ ಒಂದು ನಮ್ಮ ಮೈದಾನದಲ್ಲಿ, ಒಂದು ಅವರ ಮೈದಾನದಲ್ಲಿ ನಡೆಯುತ್ತಿದ್ದ ಡರ್ಬಿಗೆ, ಅಂದರೆ ನೆರೆಯ ಎದುರಾಳಿಗಳ ಪಂದ್ಯಕ್ಕೆ, ಸೇರುತ್ತಿದ್ದಷ್ಟು ಜನ ಬೇರೆ ಯಾವ ಪಂದ್ಯಕ್ಕೂ ಸೇರುತ್ತಿರಲಿಲ್ಲ, ಆ ದಿನದ ಗಳಿಕೆಯೇ ಎಷ್ಟೋ ವಾರಗಳ ಖರ್ಚನ್ನು ತೂಗಿಸುತ್ತಿತ್ತು. ವಿಲೀನದ ಪ್ರಸ್ತಾವದಲ್ಲಿ ಎರಡೂ ಕ್ಲಬ್ಬುಗಳ ಪ್ರೇಕ್ಷಕರನ್ನು ಕೂಡಿಸಿ ಮುಂದಿನ ಆದಾಯವನ್ನು ಅಂದಾಜು ಮಾಡಿದ್ದರು. ಆ ಪ್ರೇಕ್ಷಕರಲ್ಲಿ ಬಹಳಷ್ಟು ಮಂದಿ ಬರುತ್ತಿದ್ದದ್ದೇ ಮತ್ತೊಂದು ಕ್ಲಬ್ ಎದುರಿಗಿತ್ತೆಂಬ ಕಾರಣಕ್ಕೆ ಎಂಬುದು ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಈಗ ಗ್ಯಾಲರಿಯಲ್ಲಿ ಕಾಣುವ ಜನ ಹಿಂದೆ ಒಂದು ಕ್ಲಬ್ಬಿಗೆ ಬರುತ್ತಿದ್ದವರಿಗಿಂತ ತುಸು ಹೆಚ್ಚು, ಅಷ್ಟೆ.

ಸೇವೆಯ ದೃಷ್ಟಿಯಿಂದ ನನಗೆ ಅತ್ಯಂತ ಬೇಸರ ತಂದದ್ದು ನಿರ್ಧಾರ ಕೈಗೊಂಡ ಬಗೆ. ಮಹಾಸಭೆಯ ತಿಳಿವಳಿಕೆ ಪತ್ರ ತಡವಾಗಿ ಬಂತು, ಅದರಲ್ಲಿ ಎರಡೇ ದಾರಿಗಳಿದ್ದವು: ವಿಲೀನ, ಇಲ್ಲವೇ ಕ್ಲಬ್ ಮುಚ್ಚುವುದು. ಮೈದಾನವನ್ನು ಹಂಚಿಕೊಳ್ಳುವುದು, ಒಬ್ಬರೇ ಫಿಸಿಯೊವನ್ನು ಎರಡೂ ಕ್ಲಬ್ಬುಗಳು ಸೇರಿ ನೇಮಿಸಿಕೊಳ್ಳುವುದು, ಚೆಂಡು ಜೆರ್ಸಿಗಳನ್ನು ಒಟ್ಟಾಗಿ ಖರೀದಿಸುವುದು ಮುಂತಾದ ನಡುವಿನ ದಾರಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಂಥ ಎರಡೇ ದಾರಿಗಳ ಮಾತನ್ನು ಎಷ್ಟು ನಂಬಬೇಕೆಂಬುದಕ್ಕೆ ಇತಿಹಾಸದಲ್ಲಿ ಒಳ್ಳೆಯ ಉದಾಹರಣೆಯಿದೆ. 1983ರಲ್ಲಿ ಆಕ್ಸ್‌ಫರ್ಡ್ ಯುನೈಟೆಡ್‌ನ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್, ಆ ಕ್ಲಬ್ಬನ್ನು ಎದುರಾಳಿ ರೀಡಿಂಗ್‌ನೊಂದಿಗೆ ಬೆಸೆದು ಥೇಮ್ಸ್ ವ್ಯಾಲಿ ರಾಯಲ್ಸ್ ಎಂಬ ತಂಡ ಕಟ್ಟುವುದಾಗಿ ಘೋಷಿಸಿದರು. ಪ್ರತ್ಯೇಕವಾಗಿ ಇವೆರಡೂ ಬದುಕಲಾರವು ಎಂಬುದು ಅವರ ವಾದ. ಅಭಿಮಾನಿಗಳು ಮೈದಾನದೊಳಗೆ ಕುಳಿತು ಪ್ರತಿಭಟಿಸಿದರು, ರೀಡಿಂಗ್‌ನ ಷೇರುಗಳ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು, ಯೋಜನೆ ಮುರಿದುಬಿತ್ತು. ಬದುಕಲಾರದೆಂದ ಆಕ್ಸ್‌ಫರ್ಡ್ 1985ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ವಿಭಾಗಕ್ಕೆ ಏರಿತು, 1986ರಲ್ಲಿ ಲೀಗ್ ಕಪ್ ಗೆದ್ದಿತು; ಅದೇ 1986ರಲ್ಲಿ ರೀಡಿಂಗ್ ಮೂರನೇ ವಿಭಾಗದ ಚಾಂಪಿಯನ್ ಆಯಿತು. ಎಡಿನ್‌ಬರೋದಲ್ಲಿ 1990ರಲ್ಲಿ ಹಾರ್ಟ್ಸ್‌ನ ಅಧ್ಯಕ್ಷ ವಾಲೇಸ್ ಮರ್ಸರ್ ಎದುರಾಳಿ ಹಿಬರ್ನಿಯನ್ ಕ್ಲಬ್ಬನ್ನು ಕೊಳ್ಳಲು ಹೊರಟಾಗಲೂ ಅಭಿಮಾನಿಗಳು ತಡೆದರು, ಮರುವರ್ಷವೇ ಹಿಬರ್ನಿಯನ್ ಸ್ಕಾಟಿಷ್ ಲೀಗ್ ಕಪ್ ಎತ್ತಿಹಿಡಿಯಿತು.

ಹಾಗೆಂದು ವಿಲೀನವೇ ಕೆಟ್ಟದ್ದೆಂದು ಬರೆದರೆ ಅನ್ಯಾಯವಾಗುತ್ತದೆ. ಇಟಲಿಯ ಎ.ಎಸ್. ರೋಮಾ 1927ರಲ್ಲಿ ಹುಟ್ಟಿದ್ದು ಮೂರು ಕ್ಲಬ್ಬುಗಳ ಕೂಡಿಕೆಯಿಂದ. ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ಊರಾದ ಗೆಂಕ್‌ನಲ್ಲಿ ವಿಂಟರ್‌ಸ್ಲಾಗ್, ವಾಟರ್‌ಸ್ಖೈ ಕ್ಲಬ್ಬುಗಳು 1988ರಲ್ಲಿ ಒಂದಾದವು. ಹನ್ನೊಂದು ವರ್ಷಗಳಲ್ಲಿ, 1999ರಲ್ಲಿ, ಆ ಹೊಸ ಕ್ಲಬ್ ದೇಶದ ಚಾಂಪಿಯನ್ ಆಯಿತು. ಸ್ಕಾಟ್ಲೆಂಡಿನ ಇನ್ವರ್‌ನೆಸ್‌ನಲ್ಲಿ ಕ್ಯಾಲೆಡೋನಿಯನ್ ಮತ್ತು ಥಿಸಲ್ ಕ್ಲಬ್ಬುಗಳ ಸದಸ್ಯರಲ್ಲಿ ಅನೇಕರು ಕಟುವಾಗಿ ವಿರೋಧಿಸಿದರೂ 1994ರಲ್ಲಿ ವಿಲೀನ ನಡೆಯಿತು, ರಾಷ್ಟ್ರೀಯ ಲೀಗ್‌ನ ಬಾಗಿಲು ತೆರೆಯಿತು, 2015ರಲ್ಲಿ ಸ್ಕಾಟಿಷ್ ಕಪ್ ಬಂತು. ಅದೇ ಕ್ಲಬ್ 2024ರಲ್ಲಿ ಸಾಲದಿಂದ ಕುಸಿದು ಆಡಳಿತಾಧಿಕಾರಿಗಳ ಕೈಸೇರಿತೆಂಬುದನ್ನೂ ಮರೆಯಬಾರದು. ಒಂದಾದ ಮಾತ್ರಕ್ಕೆ ಹಣದ ಚಿಂತೆ ತೀರುವುದಿಲ್ಲ.

ಹೆಸರು, ಬಣ್ಣಗಳ ವಿಷಯದಲ್ಲಿ ನಮ್ಮ ಆಡಳಿತ ಮಂಡಳಿ ನಡೆದುಕೊಂಡ ರೀತಿ ಮೆಚ್ಚುವಂಥದು. ಜಿನೋವಾದಲ್ಲಿ 1946ರಲ್ಲಿ ಸಾಂಪಿಯೆರ್ದಾರೆನೆಸೆ ಮತ್ತು ಆಂಡ್ರಿಯಾ ಡೋರಿಯಾ ಸೇರಿ ಸಾಂಪ್‌ಡೋರಿಯಾ ಆದಾಗ, ಒಬ್ಬರ ನೀಲಿ ಬಿಳಿಯೂ ಇನ್ನೊಬ್ಬರ ಕೆಂಪು ಕಪ್ಪೂ ಒಂದೇ ಜೆರ್ಸಿಯಲ್ಲಿ ಉಳಿದವು. ನಮ್ಮಲ್ಲಿಯೂ ಹಾಗೆಯೇ ಎರಡೂ ಬಣ್ಣಗಳನ್ನು ಉಳಿಸಿಕೊಂಡಿದ್ದಾರೆ. ಇದು ಸಣ್ಣ ವಿಷಯವೆಂದು ತಿಳಿಯುವವರು, 1889ರಷ್ಟು ಹಳೆಯ, ಕೋಲ್ಕತ್ತಾದ ಮೋಹನ್ ಬಾಗಾನ್ 2020ರಲ್ಲಿ ಅದೇ ಊರಿನ ಎಟಿಕೆ ಎಂಬ ಕ್ಲಬ್ಬಿನೊಂದಿಗೆ ಸೇರಿದಾಗ ಹೆಸರಿನ ಮುಂದೆ ಬಂದು ಕುಳಿತ ಆ ಮೂರು ಅಕ್ಷರಗಳಿಗಾಗಿ ಅಭಿಮಾನಿಗಳು ಎಷ್ಟು ನೊಂದರು, 2023ರಲ್ಲಿ ಅವನ್ನು ತೆಗೆಯುವ ತನಕ ಎಷ್ಟು ಹೋರಾಡಿದರು ಎಂಬುದನ್ನು ನೆನೆಯಬೇಕು.

ನನ್ನ ಮಟ್ಟಿಗೆ ಇವೆಲ್ಲವುಗಳಲ್ಲಿ ಅನುಸರಿಸಬೇಕಾದ ದಾರಿ ಡೆನ್ಮಾರ್ಕಿನದು. 1992ರಲ್ಲಿ ಕೆ.ಬಿ. ಮತ್ತು ಬಿ 1903 ಎಂಬ ಕ್ಲಬ್ಬುಗಳು ತಮ್ಮ ವೃತ್ತಿಪರ ತಂಡಗಳನ್ನು ಮಾತ್ರ ಒಂದುಗೂಡಿಸಿ ಎಫ್‌ಸಿ ಕೋಪನ್‌ಹೇಗನ್ ಕಟ್ಟಿದವು, ಅದು ಮೊದಲ ಸೀಸನ್‌ನಲ್ಲೇ ದೇಶದ ಚಾಂಪಿಯನ್ ಆಯಿತು. ಆದರೆ ಹಳೆಯ ಕ್ಲಬ್ಬುಗಳು ಅಳಿಯಲಿಲ್ಲ, ಕೆಳಗಿನ ಹಂತದಲ್ಲಿ ತಮ್ಮದೇ ಹೆಸರಿನಲ್ಲಿ ಮುಂದುವರಿದವು. 1999ರಲ್ಲಿ ಎಫ್‌ಸಿ ಮಿಡ್‌ಯುಲ್ಲಾಂಡ್ ಹುಟ್ಟಿದಾಗಲೂ ಅದರ ತಾಯಿ ಕ್ಲಬ್ಬುಗಳಾದ ಈಕಾಸ್ಟ್ ಮತ್ತು ಹೆರ್ನಿಂಗ್ ಫ್ರೆಮಾಡ್ ಉಳಿದುಕೊಂಡವು. ಮೇಲಿನ ತಂಡವೊಂದನ್ನು ಬೆಸೆದು ಕೆಳಗಿನ ತಂಡಗಳನ್ನು ಬೇರೆಬೇರೆಯಾಗಿಯೇ ಬಿಟ್ಟರೆ ಹಣ, ಮೈದಾನ, ಕೋಚ್ ಎಲ್ಲವೂ ಒಟ್ಟಾಗಿರುತ್ತವೆ, ಆಡುವ ಮಕ್ಕಳ ಸಂಖ್ಯೆ ಕುಗ್ಗುವುದಿಲ್ಲ, ಕಿರಿಯರ ಹಂತದಲ್ಲಾದರೂ ಡರ್ಬಿ ಉಳಿಯುತ್ತದೆ. ನಮ್ಮಲ್ಲಿ ಎಲ್ಲ ವಯೋಮಾನದ ತಂಡಗಳನ್ನೂ ಒಂದೇ ಏಟಿಗೆ ಬೆಸೆದುಬಿಟ್ಟರು, ತಪ್ಪಾದದ್ದು ಅಲ್ಲಿ.

ಐದು ನಕ್ಷತ್ರಗಳಲ್ಲಿ ಮೂರು ಕೊಡುತ್ತೇನೆ. ಮೈದಾನ, ತರಬೇತಿ, ಲೆಕ್ಕಪತ್ರಗಳಿಗೆ ಪೂರ್ತಿ ಅಂಕ. ಸದಸ್ಯರ ಅಭಿಪ್ರಾಯ ಕೇಳಿದ ರೀತಿಗೂ ಕಿರಿಯರಿಗೆ ಸಿಕ್ಕ ಅವಕಾಶಕ್ಕೂ ಬಹಳ ಕಡಿಮೆ. ಇಂಥ ಪ್ರಸ್ತಾವ ನಿಮ್ಮ ಕ್ಲಬ್ಬಿನಲ್ಲಿ ಬಂದರೆ, ಮತ ಹಾಕುವ ಮೊದಲು ವಿಲೀನದ ನಂತರ ಪ್ರತಿ ವಯೋಮಾನದಲ್ಲಿ ಎಷ್ಟು ತಂಡಗಳು ಲೀಗ್‌ಗೆ ನೋಂದಣಿಯಾಗುತ್ತವೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಾವು ಜೆರ್ಸಿಯ ಬಣ್ಣದ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿ ಈ ಪ್ರಶ್ನೆಯನ್ನು ಕೇಳಲೇ ಇಲ್ಲ. ಮೂರನೇ ಸೀಸನ್‌ಗೆ ಶುಲ್ಕ ಕಟ್ಟಿದ್ದೇನೆ. ಹದಿನೇಳು ವರ್ಷದೊಳಗಿನವರಿಗೆ ಹಳೆಯ ಎರಡೂ ಹೆಸರುಗಳಲ್ಲಿ ಎರಡು ತಂಡಗಳಿರಬೇಕೆಂಬ ಠರಾವನ್ನು ಮುಂದಿನ ಮಹಾಸಭೆಗೆ ಸಲ್ಲಿಸಿದ್ದೇನೆ. ಅದಕ್ಕೆ ಮೊದಲ ಸಹಿ ಹಾಕಿದವರು ನನ್ನ ಮಗನ ಜಾಗದಲ್ಲಿ ಆಡುತ್ತಿರುವ ಆ ಹುಡುಗನ ತಂದೆ.