ಕ್ಲಚ್ ಸ್ವಿಚ್ ಫಾಲ್ಟ್ ಹುಡುಕೋದಕ್ಕೆ ಡಾಂಗಲ್, ಗ್ಯಾರೇಜ್ ಸ್ಕ್ಯಾನರ್, ಮಲ್ಟಿಮೀಟರ್: ಮೂರನ್ನೂ ನೋಡಿ ಆಯ್ತು

ಮಳೆ ಶುರು ಆದದ್ದೇ ತಡ, ನನ್ನ ಕಾರಿಗೊಂದು ರಗಳೆ. ಕ್ಲಚ್ ಪೂರ್ತಿ ಒತ್ತಿ ಕೀ ತಿರುಗಿಸಿದ್ರೂ ಕೆಲವು ಸಲ ಸ್ಟಾರ್ಟರ್ ಸುದ್ದಿಯೇ ಇಲ್ಲ, ಎರಡು ಮೂರು ಸಲ ಪೆಡಲ್ ಒತ್ತಿ ಬಿಟ್ಟು ಮಾಡಿದ್ರೆ ಆಗ್ತದೆ. ಉಡುಪಿ ಕಡೆ ಹೈವೇಯಲ್ಲಿ ಹೋಗುವಾಗ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೆ ಒಂದೇ ವೇಗದಲ್ಲಿ ಓಡಿಸೋದು) ಕೂಡ ಆನ್ ಆಗ್ತಾ ಇರ್ಲಿಲ್ಲ. ನನ್ನ ಕಾರಲ್ಲಿ ಎರಡಕ್ಕೂ ಪೆಡಲ್ ಒತ್ತಿದ್ದನ್ನು ತಿಳಿಸೋದು ಪೆಡಲ್ ಮೇಲೆ ಇರೋ ಒಂದೇ ಕ್ಲಚ್ ಸ್ವಿಚ್, ಕೆಲವು ಗಾಡಿಯಲ್ಲಿ ಎರಡು ಇರ್ತದೆ.

ಮೊದಲು ಬ್ಲೂಟೂತ್ ಡಾಂಗಲ್, ಅಂದ್ರೆ ಕಾರಿನ ಕಂಪ್ಯೂಟರಲ್ಲಿರೋ ಫಾಲ್ಟ್ ಕೋಡನ್ನು ಮೊಬೈಲಿಗೆ ಕಳಿಸೋ ಚಿಕ್ಕ ಸಾಧನ. ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಹಾಕಿದೆ, ಮೊಬೈಲಲ್ಲಿ ಪಿ0704 ಅಂತ ಬಂತು, ಅಂದ್ರೆ ಕ್ಲಚ್ ಸ್ವಿಚ್ ಇನ್‌ಪುಟ್ ಸರ್ಕ್ಯೂಟ್. ಇಲ್ಲಿ ಸರ್ಕ್ಯೂಟ್ ಅನ್ನೋ ಶಬ್ದ ಮುಖ್ಯ ಮಾರಾಯ್ರೆ, ಅದರಲ್ಲಿ ಸ್ವಿಚ್ಚೂ ಬಂತು, ವಯರೂ ಬಂತು, ಕನೆಕ್ಟರೂ ಬಂತು. ಯಾವುದು ಹಾಳಾಗಿದೆ ಅಂತ ಅದು ಹೇಳಲ್ಲ. ನನ್ನ ಆ್ಯಪಲ್ಲಿ ಪೆಡಲ್ ಒತ್ತಿದ್ದು ಬಿಟ್ಟದ್ದು ಲೈವ್ ಆಗಿ ಕಾಣ್ಲೂ ಇಲ್ಲ.

ಅದಕ್ಕೆ ಗ್ಯಾರೇಜಿಗೆ ಹೋದೆ. ಅವರ ಸ್ಕ್ಯಾನರಲ್ಲಿ ಕ್ಲಚ್ ಆನ್ ಆಫ್ ಚಂದ ಕಾಣ್ತದೆ, ಈ ವಿಷಯದಲ್ಲಿ ಡಾಂಗಲ್ ಅದರ ಹತ್ತಿರವೂ ಬರಲ್ಲ. ಆದ್ರೆ ಆ ದಿನ ಬಿಸಿಲಿತ್ತು, ಹತ್ತು ಸಲ ಒತ್ತಿದ್ರೂ ಎಲ್ಲ ಸರಿ ಬಂತು. ಆದ್ರೂ ಕೋಡ್ ನೋಡಿ ಸ್ವಿಚ್ ಬದಲಾಯಿಸಿ ಅಂದ್ರು. ನನಗೆ ಮನಸ್ಸು ಒಪ್ಪಲಿಲ್ಲ.

ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಸೀಟ್ ಪೂರ್ತಿ ಹಿಂದೆ ತಳ್ಳಿ, ಒದ್ದೆ ಮ್ಯಾಟ್ ತೆಗೆದು, ಬೆನ್ನು ಕೆಳಗೆ ಮಾಡಿ ಮಲಗಿ ಟಾರ್ಚ್ ಬಿಟ್ಟು ನೋಡ್ಬೇಕು, ಕತ್ತು ನೋವು ಗ್ಯಾರಂಟಿ. ಇಗ್ನಿಷನ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿ, ಮೀಟರನ್ನು ಬೀಪ್ ಮೋಡಿಗೆ (ಎರಡು ತುದಿ ಒಳಗೆ ಕೂಡಿದ್ರೆ ಸದ್ದು ಮಾಡೋದು) ಹಾಕಿ, ಸ್ವಿಚ್ಚಿನ ಎರಡು ಪಿನ್ನಿಗೆ ಪ್ರೋಬ್ ಇಟ್ಟು ಪೆಡಲ್ ಒತ್ತಿದ್ರೆ ಬೀಪ್, ಬಿಟ್ರೆ ಸುಮ್ಮನೆ. ಇಪ್ಪತ್ತು ಸಲವೂ ಹಾಗೇ. ಅಂದ್ರೆ ಸ್ವಿಚ್ ಒಳ್ಳೇದೇ ಉಂಟು! ಆಮೇಲೆ ಇಗ್ನಿಷನ್ ಆನ್ ಮಾಡಿ ವಯರ್ ಕಡೆಯ ಕನೆಕ್ಟರಲ್ಲಿ ವೋಲ್ಟೇಜ್ ನೋಡಿದೆ, 12ರ ಮೇಲೆ ತೋರಿಸ್ತಾ ಇತ್ತು, ವಯರನ್ನು ಬೆರಳಲ್ಲಿ ಸ್ವಲ್ಪ ಅಲ್ಲಾಡಿಸಿದ್ದೇ ಸೊನ್ನೆಗೆ ಬಿತ್ತು. ಟಾರ್ಚ್ ಹತ್ತಿರ ಹಿಡಿದ್ರೆ ಒಂದು ಟರ್ಮಿನಲ್ ಮೇಲೆ ಪಾಚಿ ಹಾಗೆ ಹಸಿರು ಕಿಲುಬು. ಸಮುದ್ರದ ಗಾಳಿ, ನಾಲ್ಕು ತಿಂಗಳ ತೇವ, ನಮ್ಮ ಊರಲ್ಲಿ ತಾಮ್ರಕ್ಕೆ ಇದು ಆಗುವಂಥದ್ದೇ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಉಜ್ಜಿ, ಸಡಿಲ ಆಗಿದ್ದ ಟರ್ಮಿನಲ್ ಬಿಗಿ ಮಾಡಿ ಹಾಕಿದೆ, ಡಾಂಗಲಲ್ಲೇ ಕೋಡ್ ಅಳಿಸಿದೆ. ಮೂರು ವಾರ ಆಯ್ತು, ಜೋರು ಮಳೆಗೂ ಮೊದಲ ಸಲಕ್ಕೇ ಸ್ಟಾರ್ಟ್.

ಹಾಗಾಗಿ ಎರಡು ವಯರಿನ ಸ್ವಿಚ್ಚಾದ್ರೆ ನನ್ನ ಓಟು ಮೀಟರಿಗೇ, ಡಾಂಗಲ್ ಕೋಡ್ ಓದೋದಕ್ಕೆ ಅಳಿಸೋದಕ್ಕೆ ಜೊತೆಗಿರಲಿ. ಗ್ಯಾರೇಜಿಗೆ ಹೋಗೋದಾದ್ರೆ ಲೈವ್ ಡೇಟಾ ನೋಡ್ತಾ ವಯರ್ ಅಲ್ಲಾಡಿಸಿ ಅಂತ ಬಾಯಿ ಬಿಟ್ಟು ಕೇಳಿ, ನಾನು ಕೇಳ್ಲಿಲ್ಲ. ಸ್ವಿಚ್ ಬದಲು ಮೂರು ವಯರಿನ ಹಾಲ್ ಸೆನ್ಸರ್ (ಅಯಸ್ಕಾಂತದಿಂದ ಪೆಡಲ್ ಚಲನೆ ಗುರುತಿಸೋದು) ಇದ್ರೆ ಮಾತ್ರ ಬೀಪ್ ಟೆಸ್ಟ್ ಮಾಡ್ಲೇಬೇಡಿ, ಅದರಿಂದ ಏನೂ ಗೊತ್ತಾಗಲ್ಲ, ಅಲ್ಲಿ ಸಪ್ಲೈ, ಅರ್ತ್, ಪೆಡಲ್ ಒತ್ತಿದಾಗ ಬದಲಾಗೋ ಸಿಗ್ನಲ್ ವೋಲ್ಟೇಜ್, ಇವನ್ನೇ ನೋಡ್ಬೇಕು.