ಬಲ್ಬಿನ ವ್ಯಾಟ್ ಮತ್ತು ಬೆಳಕು: ಕೊಳ್ಳುವವರಿಗೊಂದು ಹೋಲಿಕೆ

ವ್ಯಾಟ್ ಎಂಬುದು ಬಲ್ಬು ಬಳಸುವ ವಿದ್ಯುತ್ತಿನ ಅಳತೆಯೇ ಹೊರತು ಬೆಳಕಿನದಲ್ಲ. ಬೆಳಕನ್ನು ಲ್ಯೂಮೆನ್‌ಗಳಲ್ಲಿ ಅಳೆಯುತ್ತಾರೆ. 60 ವ್ಯಾಟಿನ ಹಳೆಯ ಬಲ್ಬಿನಲ್ಲಿ ವಿದ್ಯುತ್ತಿನ ಬಹುಪಾಲು ಟಂಗ್‌ಸ್ಟನ್ ತಂತಿಯ ಶಾಖವಾಗಿ ವ್ಯರ್ಥವಾಗುವುದರಿಂದ, ನಮಗೆ ದೊರೆಯುವುದು ಸುಮಾರು 700 ಲ್ಯೂಮೆನ್ ಮಾತ್ರ. ಹೆಚ್ಚುಕಡಿಮೆ ಅಷ್ಟೇ ಬೆಳಕಿಗೆ ಸಿಎಫ್‌ಎಲ್‌ಗೆ (ಕಿರಿದಾದ ಟ್ಯೂಬ್‌ಲೈಟಿನಂಥ ಬಲ್ಬಿಗೆ) 14 ವ್ಯಾಟ್ ಸಾಕು. ಆದರೆ ಅದರೊಳಗೆ ಪಾದರಸವಿದ್ದು, ಒಡೆದರೆ ಅಪಾಯವಿರುವ ಕಾರಣ ಈಗ ಅದನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. 9 ವ್ಯಾಟಿನ ಎಲ್‌ಇಡಿ ಸಾಮಾನ್ಯವಾಗಿ 800ರಿಂದ 900 ಲ್ಯೂಮೆನ್ ಕೊಡುತ್ತದೆ.

ಹಾಗೆಂದು 9 ವ್ಯಾಟಿನ ಎಲ್ಲ ಎಲ್‌ಇಡಿಗಳೂ ಸಮನಲ್ಲ. ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ವ್ಯಾಟಿನಿಂದ ಭಾಗಿಸಿದಾಗ 100 ಅಥವಾ ಅದಕ್ಕಿಂತ ಹೆಚ್ಚು ಬರುವ ಬಲ್ಬನ್ನೇ ಆರಿಸಿಕೊಳ್ಳಿ; ಲ್ಯೂಮೆನ್ ನಮೂದಿಸದ ಬಲ್ಬು ಎಷ್ಟೇ ಅಗ್ಗವಾಗಿದ್ದರೂ, ಮಕ್ಕಳು ಓದುವ ಕೋಣೆಗಂತೂ ಅದನ್ನು ತರಬೇಡಿ.