ಎಕ್ಸ್‌ಎಲ್‌ಆರ್ ಬೇಕೇ, ಆರ್‌ಸಿಎ ಸಾಕೇ? ವರ್ಷಗಟ್ಟಲೆ ಎರಡನ್ನೂ ಬಳಸಿದ ಮೇಲೆ

ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ನನ್ನ ಡ್ಯಾಕ್‌ನ ಹಿಂಬದಿಯಲ್ಲಿ ಎರಡು ಬಗೆಯ ಔಟ್‌ಪುಟ್‌ಗಳಿವೆ: ಸಿಂಗಲ್ ಎಂಡೆಡ್ ಆರ್‌ಸಿಎ (ಸಿಗ್ನಲ್‌ಗೆ ಒಂದು ತಂತಿ, ಸುತ್ತ ಶೀಲ್ಡ್ ಎಂಬ ಲೋಹದ ಹೊದಿಕೆ) ಮತ್ತು ಮೂರು ಪಿನ್ನಿನ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ (ಸಿಗ್ನಲ್‌ಗೆ ಎರಡು ತಂತಿ, ಶೀಲ್ಡ್ ಬೇರೆ). ಪವರ್ ಆಂಪ್ಲಿಫಯರ್‌ನಲ್ಲೂ ಹಾಗೆಯೇ. ಕೆಲವು ವರ್ಷಗಳಿಂದ ಎರಡನ್ನೂ ಅದಲುಬದಲು ಮಾಡಿ ಕೇಳುತ್ತಿದ್ದೇನೆ. ಕೇಬಲ್ ಒಂದು ಮೀಟರಿನಷ್ಟು ಚಿಕ್ಕದಿದ್ದು, ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಇಲ್ಲದಿದ್ದರೆ, ಬ್ಯಾಲೆನ್ಸ್ಡ್ ಬೇಕೆಂಬ ಒಂದೇ ಕಾರಣಕ್ಕೆ ಹೊಸ ಉಪಕರಣ ಕೊಳ್ಳಬೇಡಿ.

ಎಕ್ಸ್‌ಎಲ್‌ಆರ್ ಸಿಕ್ಕಿಸಿದ ಕೂಡಲೇ ಸಂಗೀತಕ್ಕೆ ಜೀವ ಬಂತು ಎನ್ನುವವರು ಬಹಳ. ಬರದೇ ಏನು ಮಾಡೀತು? ಆರ್‌ಸಿಎಯಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಹೊರಟರೆ ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್ ಹೊರಡುತ್ತದೆ. ಅಂದರೆ 6 ಡೆಸಿಬೆಲ್ ಹೆಚ್ಚು. ತುಸು ಜೋರಾದದ್ದೆಲ್ಲ ಕಿವಿಗೆ ಚೆನ್ನ. ಹಾಗಾಗಿ ನಾನು 100 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿದು, ಎರಡು ದಾರಿಗಳಲ್ಲೂ ಒಂದೇ ವೋಲ್ಟೇಜ್ ಬರುವಂತೆ ವಾಲ್ಯೂಮ್ ಹೊಂದಿಸಿದೆ. ಆಮೇಲೆ ಯಾವ ಕೇಬಲ್ ಎಂದು ನನಗೆ ತಿಳಿಸದೆ ಮನೆಯವರ ಕೈಯಲ್ಲಿ ಬದಲಿಸಿದರೆ ಗುರುತು ಹಿಡಿಯಲಾಗಲಿಲ್ಲ.

ವ್ಯತ್ಯಾಸ ಕಂಡದ್ದು ಸಂಗೀತ ನಿಂತಾಗ. ಡ್ಯಾಕ್‌ಗೆ ಯುಎಸ್‌ಬಿ ಮೂಲಕ ಕಂಪ್ಯೂಟರ್ ಜೋಡಿಸಿದ ಮೇಲೆ ಸ್ಪೀಕರಿನಲ್ಲಿ ಕೀರಲು ಸ್ವರ ನುಡಿಸುವ ಟ್ವೀಟರ್‌ಗೆ ಕಿವಿಯಿಟ್ಟರೆ ಸಣ್ಣ ಗುಂಯ್‌ಗಾನ. ಜೊತೆಗೆ ಮೌಸ್ ಸರಿಸಿದಂತೆಲ್ಲ ಚಿರಿಚಿರಿ. ಕಂಪ್ಯೂಟರ್, ಆಂಪ್ಲಿಫಯರ್ ಎರಡಕ್ಕೂ ಅರ್ತಿಂಗ್ ಇರುವುದರಿಂದ ಕೇಬಲ್‌ನ ಶೀಲ್ಡ್ ಸೇರಿ ಗ್ರೌಂಡ್ ಲೂಪ್, ಅಂದರೆ ಅರ್ತ್ ತಂತಿಗಳ ಒಂದು ಸುತ್ತು, ಆಗಿರುತ್ತದೆ, ಅದರಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಆರ್‌ಸಿಎಯಲ್ಲಿ ಶೀಲ್ಡೇ ಸಿಗ್ನಲ್ ಮರಳುವ ತಂತಿಯೂ ಹೌದು. ಅದರ ಮೇಲೆ ಹುಟ್ಟಿದ ವೋಲ್ಟೇಜ್ ನೇರವಾಗಿ ಹಾಡಿಗೆ ಸೇರುತ್ತದೆ. ಎಕ್ಸ್‌ಎಲ್‌ಆರ್‌ಗೆ ಬದಲಿಸಿದೊಡನೆ ಎರಡೂ ಸದ್ದು ಅಡಗಿದವು. ಕೆಲವರು ಆಂಪ್ಲಿಫಯರ್ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತು ಗುಂಯ್ ನಿಲ್ಲಿಸುತ್ತಾರೆ. ಒಳಗೆ ತಂತಿ ಸಡಿಲವಾಗಿ ಡಬ್ಬಕ್ಕೆ ತಾಗಿದರೆ ಮುಟ್ಟಿದವರ ಗತಿ ಏನು?

ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧ ಸಿಗ್ನಲ್ ಹರಿಯುವುದರಿಂದಲೇ ಗದ್ದಲ ಹೋಗುತ್ತದೆ ಎಂದು ಬಹುತೇಕರು ತಿಳಿದಿದ್ದಾರೆ. ನಿಜವಾದ ಕೆಲಸ ಮಾಡುವುದು ಸಮತೋಲನ. 2 ಮತ್ತು 3ನೇ ಪಿನ್‌ಗಳ ತಂತಿಗಳಿಗೆ ಗ್ರೌಂಡಿನೊಂದಿಗೆ ಸಮಾನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಇದ್ದರೆ ಹೊರಗಿನ ಗದ್ದಲ ಎರಡರಲ್ಲೂ ಸಮನಾಗಿ ಬರುತ್ತದೆ, ಎದುರಿನ ಇನ್‌ಪುಟ್ ಅವೆರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. 3ನೇ ಪಿನ್ನಿನಲ್ಲಿ ಸಿಗ್ನಲ್ಲೇ ಇಲ್ಲದಿದ್ದರೂ ಇದು ನಡೆಯುತ್ತದೆ.

ಸಾಕೆಟ್ ನೋಡಿ ನಂಬುವಂತೆಯೂ ಇಲ್ಲ. ಹಿಂದೆ ನನ್ನ ಬಳಿ ಇದ್ದ ಒಂದು ಪ್ರೀಆಂಪ್ (ಪವರ್ ಆಂಪ್ಲಿಫಯರ್‌ಗೆ ಮುಂಚೆ ಬರುವ ಪೆಟ್ಟಿಗೆ) ಎಕ್ಸ್‌ಎಲ್‌ಆರ್‌ನಲ್ಲೇ ಗುಂಯ್‌ಗುಡುತ್ತಿತ್ತು. ಅದರ 1ನೇ ಪಿನ್, ಅಂದರೆ ಶೀಲ್ಡ್, ಲೋಹದ ಡಬ್ಬಕ್ಕೆ ಸೇರುವ ಬದಲು ಸರ್ಕ್ಯೂಟ್ ಬೋರ್ಡಿನ ಗ್ರೌಂಡಿಗೆ ಹೋಗಿತ್ತು. ನೀಲ್ ಮನ್ಸಿ ಎಂಬ ಇಂಜಿನಿಯರ್ ಈ ‘ಪಿನ್ 1’ ದೋಷವನ್ನು 1995ರಲ್ಲೇ ವಿವರಿಸಿದ್ದರು. ಆಡಿಯೊ ಇಂಜಿನಿಯರಿಂಗ್ ಸೊಸೈಟಿಯ ಎಇಎಸ್48 ಮಾನದಂಡವೂ ಶೀಲ್ಡನ್ನು ಡಬ್ಬಕ್ಕೇ ಸೇರಿಸಲು ಹೇಳುತ್ತದೆ. ದುಬಾರಿ ಪೆಟ್ಟಿಗೆಯಲ್ಲಿ ಇಷ್ಟೂ ಆಗಿರಲಿಲ್ಲ ಎಂಬುದು ನನಗಿನ್ನೂ ಸಿಟ್ಟು ತರಿಸುತ್ತದೆ.

ಹೆಡ್‌ಫೋನಿನ 4.4 ಮಿ.ಮೀ. ಬ್ಯಾಲೆನ್ಸ್ಡ್ ಜ್ಯಾಕ್‌ನ ಕತೆಯೇ ಬೇರೆ. ಅಲ್ಲಿ ಗದ್ದಲ ಕಳೆಯುವ ಮಾತಿಲ್ಲ. ಸಿಗುವುದು ಹೆಚ್ಚಿನ ವೋಲ್ಟೇಜ್, ಹಾಗಾಗಿ ಹೆಚ್ಚಿನ ಶಕ್ತಿ. ನನ್ನ 300 ಓಮ್ ಹೆಡ್‌ಫೋನಿಗೆ ಅದು ಉಪಯೋಗಕ್ಕೆ ಬಂತು, ಸೂಕ್ಷ್ಮವಾದ ಇಯರ್‌ಫೋನಿಗೆ ಬೇಕಾಗಿಲ್ಲ. ಬ್ಯಾಲೆನ್ಸ್ಡ್ ಔಟ್‌ಪುಟ್‌ಗೆ ಅಡಾಪ್ಟರ್ ಹಾಕಿ ಸಾಮಾನ್ಯ ಮೂರು ತಂತಿಯ ಹೆಡ್‌ಫೋನ್ ಸಿಕ್ಕಿಸಬೇಡಿ: ಎಡ, ಬಲಗಳ ಋಣ ತಂತಿಗಳು ಒಂದಾಗಿ ಆಂಪ್ಲಿಫಯರ್ ಸುಡಬಹುದು.

ಈಗ ಸ್ಪೀಕರಿನ ಬಳಿ ಇಟ್ಟ ಪವರ್ ಆಂಪ್ಲಿಫಯರ್‌ಗೆ ಉದ್ದದ ಎಕ್ಸ್‌ಎಲ್‌ಆರ್, ಮೇಜಿನ ಮೇಲಿನ ಹೆಡ್‌ಫೋನ್ ಆಂಪ್‌ಗೆ ಗೇಣುದ್ದದ ಆರ್‌ಸಿಎ. ಎಕ್ಸ್‌ಎಲ್‌ಆರ್‌ಗೆ ಬಳಸಿರುವುದು ವೇದಿಕೆಯಲ್ಲಿ ಮೈಕ್‌ಗೆ ಹಾಕುವ ಸಾಮಾನ್ಯ ಕೇಬಲ್ಲೇ. ಕಟಕ್ಕೆಂದು ಕಚ್ಚಿಕೊಳ್ಳುತ್ತದೆ, ಎಳೆದರೂ ಬರುವುದಿಲ್ಲ.